ಓದಿನ ಸಾಲ, ಹೊರನಾಡಿನ ದುಡಿಮೆ

2011ರ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದಾಗ ಅಪ್ಪ ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. ನಾನು ಅಮೆರಿಕಕ್ಕೆ ಓದಲು ಹೊರಟಾಗ ಅಡವಿಟ್ಟಿದ್ದ ಮನೆಯ ಕ್ರಯಪತ್ರವನ್ನು ಬಿಡಿಸಿಕೊಂಡು ಬರಬೇಕಿತ್ತು. ಎಂಟು ವರ್ಷ ಬ್ಯಾಂಕಿನ ಬೀರುವಿನಲ್ಲಿದ್ದ ಕಾಗದಗಳನ್ನು ಗುಮಾಸ್ತರು ಮೇಜಿನ ಮೇಲಿಟ್ಟರು. ಅಪ್ಪ ಮೇಷ್ಟರಾಗಿದ್ದವರು, ಉತ್ತರಪತ್ರಿಕೆ ಎಣಿಸುವ ಹಾಗೆ ಒಂದೊಂದೇ ಪುಟ ತಿರುವಿ ಎಣಿಸಿದರು, ಸಹಿ ಹಾಕಿದರು, ಚೀಲಕ್ಕೆ ಸೇರಿಸಿದರು. ‘ನಡಿ, ಕಾಫಿ ಕುಡಿಯೋಣ’ ಎಂದರು.

ಹೋಟೆಲಿನಲ್ಲಿ ಕೂತು ನಾನು ಸಾಲದ ಖಾತೆಯ ಪಟ್ಟಿಯನ್ನು ಸುಮ್ಮನೆ ನೋಡುತ್ತಿದ್ದೆ. 2009ರ ನಾಲ್ಕು ಸಾಲುಗಳ ಹತ್ತಿರ ಕಣ್ಣು ನಿಂತಿತು. ಆ ಮಾತಿಗೆ ಆಮೇಲೆ ಬರುತ್ತೇನೆ. ಅಂದಿನಿಂದ ನನಗೆ ಒಂದು ಪ್ರಶ್ನೆ ಅಂಟಿಕೊಂಡಿದೆ. ಪರದೇಶದಲ್ಲಿ ಓದಲು ಮಾಡಿದ ಸಾಲಕ್ಕೆ ಇಷ್ಟು ವರ್ಷಗಳಲ್ಲಿ ಯಾರು ಯಾರು ಹೊಣೆ ನಿಂತಿದ್ದಾರೆ?

ಈ ಸಾಲ ನಮ್ಮ ಕಾಲದ್ದೇ ಎಂದು ನಾವು ಅಂದುಕೊಂಡಿದ್ದೇವೆ. ಹಾಗಲ್ಲ. 1892ರಲ್ಲಿ ಜಮ್‌ಶೆಟ್‌ಜಿ ಟಾಟಾ ಭಾರತೀಯರ ಉನ್ನತ ವ್ಯಾಸಂಗಕ್ಕಾಗಿ ಒಂದು ನಿಧಿ ಸ್ಥಾಪಿಸಿದರು. ಅದು ಕೊಡುತ್ತಿದ್ದದ್ದು ದಾನವಲ್ಲ, ಸಾಲ. ಓದಿ, ದುಡಿದು, ಹಿಂದಿರುಗಿಸಬೇಕು. ಆ ಹಣ ಮುಂದಿನವರಿಗೆ ಹೋಗುತ್ತದೆ. ಮೊದಲು ನೆರವು ಪಡೆದವರಲ್ಲಿ ಇಬ್ಬರು ಮಹಿಳಾ ವೈದ್ಯರಿದ್ದರು ಎನ್ನುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ತುಮಕೂರಿನಲ್ಲಿ ಹುಟ್ಟಿದ ರಾಜಾರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡಿದ್ದು ಇದೇ ನಿಧಿಯ ಆಸರೆಯಲ್ಲಿ. ಇಲ್ಲಿ ಮುಖ್ಯವಾಗಿದ್ದದ್ದು ವಿದ್ಯಾರ್ಥಿಯ ಯೋಗ್ಯತೆಯ ಮೇಲಿನ ನಂಬಿಕೆ. ಆದರೆ ಆ ನಂಬಿಕೆ ಸಿಕ್ಕುತ್ತಿದ್ದದ್ದು ಕೆಲವೇ ಕೆಲವರಿಗೆ.

ಇನ್ನೊಂದು ದಾರಿ ಸಂಸ್ಥಾನಗಳದು. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಅಂಬೇಡ್ಕರರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅದು ವಿದ್ಯಾರ್ಥಿವೇತನವೇ ಆದರೂ, ಓದಿ ಬಂದ ಮೇಲೆ 10 ವರ್ಷ ಬರೋಡದ ನೌಕರಿ ಮಾಡಬೇಕೆಂಬ ಕರಾರಿತ್ತು. ಅಂದರೆ ಋಣ ತೀರಬೇಕಾದದ್ದು ದುಡಿಮೆಯಿಂದ, ಅದೂ ಒಬ್ಬನೇ ಧಣಿಯ ಬಳಿ. 1917ರಲ್ಲಿ ಅವರು ಕರಾರಿನಂತೆ ಬಂದು ಕೆಲಸಕ್ಕೆ ಸೇರಿದರು. ಕಚೇರಿಯಲ್ಲಿ ಅಸ್ಪೃಶ್ಯತೆ, ಊರಿನಲ್ಲಿ ಇರಲು ಮನೆಯಿಲ್ಲ. ತಂಗಿದ್ದ ಪಾರಸಿ ವಸತಿಯಿಂದಲೂ ಹೊರಹಾಕಿದರು. ಅವರು ಬರೋಡ ಬಿಡಬೇಕಾಯಿತು. ಅರ್ಧಕ್ಕೆ ನಿಂತ ಓದನ್ನು ಮುಗಿಸಲು 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟಾಗ ಜೊತೆಗಿದ್ದದ್ದು ಬೊಂಬಾಯಿಯಲ್ಲಿ ಪ್ರಾಧ್ಯಾಪಕರಾಗಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ. ಕರಾರು ಬರೆಸಿಕೊಂಡ ಸಂಸ್ಥಾನ ದುಡಿಯುವುದಕ್ಕೆ ಬೇಕಾದ ಕನಿಷ್ಠ ಮರ್ಯಾದೆಯನ್ನೂ ಒದಗಿಸದಿದ್ದರೆ ಋಣ ತೀರುವುದು ಹೇಗೆ? ಈ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ.

ಸ್ವಾತಂತ್ರ್ಯದ ನಂತರದ ಕಥೆಯನ್ನು ನಮ್ಮ ಕನ್ನಡ ಕೂಟದ ಹಿರಿಯರ ಬಾಯಲ್ಲಿ ಕೇಳಿದ್ದೇನೆ. 1960ರ ದಶಕದಲ್ಲಿ ಬಂದವರ ಜೇಬಿನಲ್ಲಿ ಎಂಟು ಡಾಲರ್. ಅವರು ಬಡವರಾಗಿದ್ದರೆಂದಲ್ಲ, ವಿದೇಶಿ ವಿನಿಮಯದ ನಿಯಮ ಅಷ್ಟು ಬಿಗಿಯಾಗಿತ್ತು. ಇಲ್ಲಿನ ವಿಶ್ವವಿದ್ಯಾಲಯ ಕೊಡುವ ಸಹಾಯಕ ಹುದ್ದೆಯೇ ಆಧಾರ. ಟಿಕೇಟಿನ ಹಣ ಮಾತ್ರ ಮಾವನದೋ ಚಿಕ್ಕಪ್ಪನದೋ ಸಾಲ. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ ಡಾಲರಿನ ಬೆಲೆ ಒಂದೇ ದಿನದಲ್ಲಿ 4.76ರಿಂದ 7.50 ರೂಪಾಯಿಗೆ ಏರಿತು. ಡಾಲರಿನಲ್ಲಿ ಸಂಬಳ ಪಡೆದು ರೂಪಾಯಿಯ ಸಾಲ ತೀರಿಸುತ್ತಿದ್ದವರ ಹೊರೆ ಇಳಿಯಿತು. ಹೊರಡಲು ಕಾಯುತ್ತಿದ್ದವರಿಗೆ ದಾರಿ ಅಷ್ಟೇ ದುಬಾರಿಯಾಯಿತು.

ಅಮೆರಿಕ ತನ್ನ ಮಕ್ಕಳಿಗೆ ಓದಿನ ಸಾಲ ಕೊಡಲು ಶುರುಮಾಡಿದ್ದೂ ಹೆಚ್ಚುಕಡಿಮೆ ಆಗಲೇ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಬಂತು, ಅದರೊಳಗೆ ವಿದ್ಯಾರ್ಥಿಗಳ ಸಾಲವೂ ಬಂತು. 1965ರ ಉನ್ನತ ಶಿಕ್ಷಣ ಕಾಯ್ದೆ ಅದನ್ನು ವಿಸ್ತರಿಸಿತು. ಆದರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಆ ಬಾಗಿಲು ಇಂದಿಗೂ ಮುಚ್ಚಿದೆ. ನಮ್ಮ ಸಾಲ ನಮ್ಮೂರಿನಿಂದಲೇ ಬರಬೇಕು.

ನಮ್ಮೂರಿನ ಬಾಗಿಲು ನಿಜವಾಗಿ ತೆರೆದದ್ದು 2001ರಲ್ಲಿ, ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಿಂದ. ಭಾರತದಲ್ಲಿ ಓದಲು 7.5 ಲಕ್ಷ, ಹೊರದೇಶಕ್ಕೆ 15 ಲಕ್ಷ. ನಾಲ್ಕು ಲಕ್ಷದವರೆಗೆ ಅಡಮಾನ ಬೇಡ. ಓದು ಮುಗಿದು ಒಂದು ವರ್ಷ ಅಥವಾ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಆಗಿನಿಂದ ಕಂತು. ತೀರಿಸಲು ಐದರಿಂದ ಏಳು ವರ್ಷ. ನನ್ನಂಥ ಮೇಷ್ಟರ ಮಗ ಮಿಶಿಗನ್ನಿನ ವಿಶ್ವವಿದ್ಯಾಲಯದ ಕನಸು ಕಾಣಲು ಸಾಧ್ಯವಾದದ್ದು ಈ ಯೋಜನೆಯಿಂದಲೇ. ಅದನ್ನು ಕೃತಜ್ಞತೆಯಿಂದಲೇ ಹೇಳಬೇಕು.

ಆದರೆ ಅಮೆರಿಕದ ಓದು ನಾಲ್ಕು ಲಕ್ಷದಲ್ಲಿ ಮುಗಿಯುವುದಿಲ್ಲ. ನನಗೆ ಬೇಕಾಗಿದ್ದದ್ದು ಹತ್ತು ಲಕ್ಷ. ಅದಕ್ಕೆ ಭದ್ರತೆ ಬೇಕು, ಅಂದರೆ ಮನೆ. ನನ್ನ ಜೊತೆ ಪ್ರವೇಶ ಸಿಕ್ಕಿದ್ದ, ನನಗಿಂತ ಜಾಣನಾಗಿದ್ದ ಗೆಳೆಯನ ತಂದೆಗೆ ಸ್ವಂತ ಮನೆ ಇರಲಿಲ್ಲ. ಅವನು ಹೊರಡಲಿಲ್ಲ. ಹೊಸ ಯೋಜನೆ ತೆರೆದ ಬಾಗಿಲು ನಿಮ್ಮ ಅಪ್ಪನ ಮನೆ ಎಷ್ಟು ಅಗಲವೋ ಅಷ್ಟೇ ಅಗಲ. ಟಾಟಾ ನಿಧಿ ವಿದ್ಯಾರ್ಥಿಯನ್ನು ನೋಡುತ್ತಿತ್ತು, ಬರೋಡ ಅವನ ಮುಂದಿನ ಹತ್ತು ವರ್ಷದ ದುಡಿಮೆಯನ್ನು. ನಮ್ಮ ಬ್ಯಾಂಕು ನೋಡಿದ್ದು ಅವನ ಅಪ್ಪನನ್ನು.

2005ರಲ್ಲಿ ಓದು ಮುಗಿಯುವ ಹೊತ್ತಿಗೆ ಬಡ್ಡಿ ಸೇರಿ ಸಾಲ 12 ಲಕ್ಷವಾಗಿತ್ತು. ಶೇಕಡ 12ರ ಬಡ್ಡಿ, 84 ಕಂತು, ತಿಂಗಳಿಗೆ ಸುಮಾರು 21,200 ರೂಪಾಯಿ. ಪ್ರತಿ ತಿಂಗಳು ಐದನೇ ತಾರೀಕು ಆ ಹಣ ಊರಿನ ಖಾತೆಯಲ್ಲಿರಬೇಕು. ಡಾಲರಿನ ದರ ನೋಡದೆ ನಾನು ಬೆಳಗಿನ ಕಾಫಿ ಕುಡಿಯುತ್ತಿರಲಿಲ್ಲ. 2007ರ ಕೊನೆಯಲ್ಲಿ ರೂಪಾಯಿ ಬಲಗೊಂಡು ಡಾಲರಿಗೆ 39ರ ಆಸುಪಾಸಿಗೆ ಬಂತು. ಅದೇ ಕಂತಿಗೆ 540 ಡಾಲರಿಗೂ ಹೆಚ್ಚು ಬೇಕಾಯಿತು. ಪತ್ರಿಕೆಗಳು ‘ರೂಪಾಯಿಗೆ ಬಲ’ ಎಂದು ಸಂಭ್ರಮಿಸುತ್ತಿದ್ದವು, ನಾನು ಇಲ್ಲಿ ಹೊರಗೆ ಊಟ ಮಾಡುವುದನ್ನು ಬಿಟ್ಟಿದ್ದೆ. 2009ರ ಮಾರ್ಚಿನಲ್ಲಿ ದರ 51ರ ಹತ್ತಿರಕ್ಕೆ ಹೋದಾಗ ಆ ಕಂತು ಸುಮಾರು 415 ಡಾಲರಿಗೆ ಇಳಿಯಿತು. ಆದರೆ ಅಷ್ಟರಲ್ಲಿ ಕೊಡಲು ಡಾಲರೇ ಇರಲಿಲ್ಲ.

ಆರ್ಥಿಕ ಕುಸಿತ ಬಂದಿತ್ತು. ಕಂಪನಿ ಎರಡು ತಿಂಗಳ ನೋಟಿಸ್ ಕೊಟ್ಟಿತು. ಎಚ್-1ಬಿ ವೀಸಾ ಮಾಲೀಕನಿಗೆ ಕಟ್ಟಿದ್ದು. ಕೆಲಸ ಹೋದರೆ ಹೊಸ ಕೆಲಸ ಹುಡುಕಲು 60 ದಿನಗಳ ಅವಕಾಶ ನಿಯಮವಾಗಿ ಬಂದದ್ದು 2017ರಲ್ಲಿ. ನಮ್ಮ ಕಾಲಕ್ಕೆ ಅದೂ ಇರಲಿಲ್ಲ. ಆಗಷ್ಟೇ ಓದು ಮುಗಿಸಿದವರ ಸ್ಥಿತಿಯೂ ಹೀಗೇ. ಅವರಿಗೆ ಸಿಗುವ ಒಂದು ವರ್ಷದ ಪ್ರಾಯೋಗಿಕ ತರಬೇತಿಯ ಅವಧಿಗೆ ವಿಜ್ಞಾನ, ತಂತ್ರಜ್ಞಾನ ಓದಿದವರಿಗಾಗಿ 17 ತಿಂಗಳು ಸೇರಿಸಿದ 2008ರ ನಿಯಮವೇ, 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರಬಾರದೆಂದೂ ಹೇಳಿತು. ಮುಂದೆ 2016ರಲ್ಲಿ ಆ 17 ತಿಂಗಳು 24 ಆಯಿತು. ವೀಸಾದ ಗಡಿಯಾರ ಒಂದು ಕಡೆ, ಬ್ಯಾಂಕಿನ ಗಡಿಯಾರ ಇನ್ನೊಂದು ಕಡೆ. ಒಂದಕ್ಕೆ ಇನ್ನೊಂದರ ಪರಿಚಯವೇ ಇಲ್ಲ.

ನೋಟಿಸಿನ ಕೊನೆಯ ವಾರದಲ್ಲಿ ಟೆಕ್ಸಸ್‌ನಲ್ಲಿ ಕಡಿಮೆ ಸಂಬಳದ ಕೆಲಸ ಸಿಕ್ಕಿತು. ಮನೆ ಬದಲಾಯಿಸುವ ಖರ್ಚು, ಮುಂಗಡ ಬಾಡಿಗೆ. ಅಪ್ಪನಿಗೆ ಫೋನ್ ಮಾಡಿ, ‘ನಾಲ್ಕು ತಿಂಗಳು ಕಂತು ಮುಂದೂಡುತ್ತಾರಾ, ಮ್ಯಾನೇಜರನ್ನು ಕೇಳಿ’ ಎಂದೆ. ಎರಡು ದಿನ ಬಿಟ್ಟು ಅಪ್ಪ, ‘ಒಪ್ಪಿದ್ದಾರೆ, ಯೋಚನೆ ಮಾಡಬೇಡ’ ಎಂದರು.

ಬ್ಯಾಂಕು ಒಪ್ಪಿರಲಿಲ್ಲ. ಹೋಟೆಲಿನಲ್ಲಿ ನಾನು ನೋಡಿದ ಆ ನಾಲ್ಕು ಸಾಲುಗಳೂ ನಗದು ಜಮೆ. ಅಪ್ಪ ನಿವೃತ್ತಿಯ ಠೇವಣಿ ಮುರಿದು ಕಟ್ಟಿದ್ದರು. ಕೇಳಿದರೆ, ‘ಅರ್ಜಿಗೆ ನಾನೂ ಸಹಿ ಹಾಕಿದ್ದೆನಲ್ಲ’ ಎಂದಷ್ಟೇ ಹೇಳಿ ಕಾಫಿಯ ಬಿಲ್ಲನ್ನೂ ಅವರೇ ಕೊಟ್ಟರು.

ಬೇರೆ ದೇಶಗಳು ಈ ಪ್ರಶ್ನೆಯನ್ನು ಬೇರೆ ರೀತಿ ಬಿಡಿಸಿದವು. 1989ರಲ್ಲಿ ಆಸ್ಟ್ರೇಲಿಯಾ, ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್‌ಮನ್ ರೂಪಿಸಿದ ಪದ್ಧತಿಯನ್ನು ತಂದಿತು. ಆದಾಯ ಒಂದು ಮಟ್ಟ ದಾಟಿದ ಮೇಲೆ ಮಾತ್ರ, ತೆರಿಗೆಯ ಮೂಲಕ, ಸಾಲ ತೀರಿಸಬೇಕು. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. ಬ್ರಿಟನ್ ಕೂಡ 1998ರಲ್ಲಿ ಇದೇ ದಾರಿಗೆ ಬಂತು. ತೊಡಕು ಕಾಣಿಸಿದ್ದು ಓದಿದವರು ದೇಶ ಬಿಟ್ಟಾಗ. ಹೊರಗೆ ದುಡಿಯುವವರಿಂದ ಆಸ್ಟ್ರೇಲಿಯಾ ಬಹುಕಾಲ ಏನನ್ನೂ ಕೇಳಲಿಲ್ಲ. 2015ರಲ್ಲಿ ಕಾನೂನು ಮಾಡಿ, 2017ರ ಜುಲೈಯಿಂದ ಅವರ ಜಾಗತಿಕ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಗಿ, 2016ರಲ್ಲಿ ಬಾಕಿದಾರನೊಬ್ಬನನ್ನು ವಿಮಾನ ನಿಲ್ದಾಣದಲ್ಲೇ ಬಂಧಿಸಿತು. ಬ್ರಿಟನ್ ಒಂದೊಂದು ದೇಶದ ಜೀವನವೆಚ್ಚಕ್ಕೆ ತಕ್ಕಂತೆ ಆದಾಯದ ಮಿತಿ ಗೊತ್ತುಮಾಡುತ್ತದೆ.

ಇದು ನಮಗೆ ದೂರದ ಮಾತಲ್ಲ. ಸಿಡ್ನಿಯಲ್ಲೋ ಲಂಡನ್ನಿನಲ್ಲೋ ಬೆಳೆದ ನಮ್ಮ ಮಕ್ಕಳು ಬೆಂಗಳೂರಿನ ಕಂಪನಿಗೆ ಕೆಲಸಕ್ಕೆ ಹೋದರೆ ಅಲ್ಲಿನ ಸಾಲ ಇಲ್ಲಿಗೂ ಹಿಂಬಾಲಿಸುತ್ತದೆ. ಅದೇ ಬೆಂಗಳೂರಿನ ಸಂಬಳ ಆಸ್ಟ್ರೇಲಿಯಾದ ಮಿತಿಯೊಳಗೆ ಉಳಿಯಬಹುದು, ಭಾರತಕ್ಕೆಂದು ತಗ್ಗಿಸಿದ ಬ್ರಿಟನ್ನಿನ ಮಿತಿಯನ್ನು ದಾಟಬಹುದು. ಆದರೂ ಆ ಎರಡೂ ಸಾಲಗಳು ಮೊದಲು ಕೇಳುವುದು ‘ನಿನ್ನ ದುಡಿಮೆ ಎಷ್ಟು?’ ಎಂದು. ನಮ್ಮ ಸಾಲ ಈ ಪ್ರಶ್ನೆಯನ್ನು ಕೇಳುವುದಿಲ್ಲ. ದುಡಿಮೆ ನಿಂತ ದಿನ ಅದು ಊರಿನ ಮನೆಯ ಬಾಗಿಲು ತಟ್ಟುತ್ತದೆ.

ಈಗ ನನ್ನ ಅಕ್ಕನ ಮಗ ಹೊರಟಿದ್ದಾನೆ. ಮೊತ್ತ 40 ಲಕ್ಷ; ತೀರಿಸಲು 15 ವರ್ಷ. ಡಾಲರಿನಲ್ಲೇ ಸಾಲ ಕೊಡುವ, ಅಡಮಾನ ಕೇಳದ ಸಂಸ್ಥೆಗಳೂ ಬಂದಿವೆ. ಯಾವುದು ಒಳ್ಳೆಯದು ಎಂದು ಕೇಳಿದ. ನನಗೆ ತಿಳಿದಷ್ಟು ಹೇಳಿದೆ. ರೂಪಾಯಿಯ ಸಾಲ ಮಾಡಿ ಡಾಲರಿನಲ್ಲಿ ದುಡಿದರೆ ದೀರ್ಘಕಾಲದಲ್ಲಿ ದರ ನಿನ್ನ ಪರ. ಡಾಲರಿನ ಸಾಲ ಮಾಡಿ ಊರಿಗೆ ಮರಳಿದರೆ ಅದೇ ದರ ನಿನ್ನ ವಿರುದ್ಧ. ಬಡ್ಡಿಗೆ ಸಿಗುವ 80ಇ ತೆರಿಗೆ ವಿನಾಯಿತಿ ಭಾರತದಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ ಪ್ರಯೋಜನ. ಅಪ್ಪ ಅಮ್ಮ ತಮ್ಮ ಹೆಸರಿನಲ್ಲಿ ಸಾಲ ಪಡೆದು ಬಡ್ಡಿ ಕಟ್ಟಿದರೆ ಅವರು ಪಡೆಯಬಹುದು. ಕೆಲಸ ಸಿಕ್ಕ ಮೊದಲ ವರ್ಷದಲ್ಲೇ ಆರು ಕಂತಿನ ಹಣವನ್ನು ಊರಿನ ಖಾತೆಯಲ್ಲಿ ಮುಟ್ಟದ ಹಾಗೆ ಇಟ್ಟುಬಿಡು.

‘ಆರೇ ಯಾಕೆ ಮಾವ?’ ಎಂದ. ನಾಲ್ಕು ಕಂತಿನ ಕಥೆ ಹೇಳಿದೆ. ಉಳಿದೆರಡು, ನನ್ನ ಅಪ್ಪನಂಥವರು ನಮಗೆ ಹೇಳದೆ ಇರುವುದಕ್ಕೆ.