ನಿಲ್ಲಿಸಿ ನೋಡಬೇಕಾದ ಕಾಲು: ಸಂತೇಬೆನ್ನೂರು ಸೀಮೆಗೆ ಸಂಬಂಧಿಸಿದ ಒಂದು ಟಿಪ್ಪಣಿ

ಸಂತೇಬೆನ್ನೂರಿನಿಂದ ದಾವಣಗೆರೆಗೆ ಸುಮಾರು 40 ಕಿ.ಮೀ. ಕಾಲಿನ ನರ ಗಂಟುಗಟ್ಟಿ ಉಬ್ಬಿದವರು, ಹಿಮ್ಮಡಿಗಿಂತ ಗೇಣು ಮೇಲೆ ಮಾಯದ ಹುಣ್ಣಿಟ್ಟುಕೊಂಡವರು ಕೊನೆಗೆ ಬಸ್ಸು ಹತ್ತುವುದು ಆ ಕಡೆಗೇ. ನ್ಯಾಮತಿ, ಹೊನ್ನಾಳಿಯವರಿಗೆ ಶಿವಮೊಗ್ಗವೂ ಉಂಟು. ಜಗಳೂರಿನವರಿಗೆ ದಾವಣಗೆರೆ, ಇಲ್ಲವೆ ಚಿತ್ರದುರ್ಗ. ವೈದ್ಯರು ಬರೆದುಕೊಡುವ ಚೀಟಿಯಲ್ಲಿ ‘ಕಾಲಿನ ವೀನಸ್ ಡಾಪ್ಲರ್’ ಎಂದಿರುತ್ತದೆ; ಅಂದರೆ ಸಿರೆಗಳ, ಆಡುಮಾತಿನ ನರಗಳ, ಅಲ್ಟ್ರಾಸೌಂಡ್ ಪರೀಕ್ಷೆ. ಈ ಟಿಪ್ಪಣಿ ಹೇಳಹೊರಟಿರುವುದು ಒಂದೇ ಸಂಗತಿ: ಆ ಚೀಟಿ ಎರಡು ಬೇರೆ ಬೇರೆ ಪರೀಕ್ಷೆಗಳಿಗೆ ಸಲ್ಲುತ್ತದೆ. ಒಂದಕ್ಕೆ ರೋಗಿ ಮಲಗಿದರೆ ಸಾಕು, ಇನ್ನೊಂದಕ್ಕೆ ನಿಲ್ಲಬೇಕು. ಮಲಗಿಸಿ ನೋಡಿ ‘ನಾರ್ಮಲ್’ ಎಂದು ಬರೆದ ವರದಿಯನ್ನು ಉಬ್ಬಿದ ನರಕ್ಕೆ ಕೊಟ್ಟ ಉತ್ತರವೆಂದು ಓದಬಾರದು.

ಮಲಗಿಸಿ ಮಾಡುವ ಪರೀಕ್ಷೆ ಒಳಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ತಿಳಿಯಲು. ಪ್ರೋಬಿನಿಂದ ಒತ್ತಿದಾಗ ಆರೋಗ್ಯವಂತ ಸಿರೆ ಚಪ್ಪಟೆಯಾಗುತ್ತದೆ, ಹೆಪ್ಪು ತುಂಬಿದ್ದು ಆಗುವುದಿಲ್ಲ. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಹಾಗಾಗಿ ಬಸುರಿ ಅಥವಾ ಬಾಣಂತಿಯ ಒಂದು ಕಾಲು, ಹೆಚ್ಚಾಗಿ ಎಡಗಾಲು, ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಈ ಪರೀಕ್ಷೆ ಅಂದೇ ಆಗಬೇಕು. ಇದರ ಬಗ್ಗೆ ತಕರಾರಿಲ್ಲ.

ಉಬ್ಬಿದ ನರದ ಕಥೆ ಬೇರೆ. ಕಾಲಿನ ಸಿರೆಗಳೊಳಗಿನ ಕವಾಟಗಳು ಮಾಡುವ ಕೆಲಸ ಪಂಪ್‌ಸೆಟ್ಟಿನ ಫುಟ್‌ವಾಲ್ವಿನದು. ಮೋಟಾರು ನಿಂತಾಗ ಪೈಪಿನ ನೀರು ಬಾವಿಗೆ ಮರಳದಂತೆ ಅದು ತಡೆಯುತ್ತದೆ. ಇಲ್ಲಿ ಮೋಟಾರೆಂದರೆ ಮೀನಖಂಡದ ಸ್ನಾಯು. ಸುಮ್ಮನೆ ನಿಂತಾಗ ಪಾದದ ಸಿರೆಯಲ್ಲಿನ ಒತ್ತಡ 80–90 ಮಿ.ಮೀ. ಪಾದರಸದಷ್ಟಿರುತ್ತದೆ, ನಡೆಯತೊಡಗಿದರೆ 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟ ಕೆಟ್ಟವರಲ್ಲಿ ನಡೆದರೂ ಅದು ಅಷ್ಟು ಇಳಿಯದು. ವರ್ಷಗಟ್ಟಲೆ ಆ ಒತ್ತಡ ತಿಂದ ಚರ್ಮ ಕಂದುಗಪ್ಪಾಗುತ್ತದೆ, ತುರಿಸುತ್ತದೆ, ಗಟ್ಟಿಯಾಗುತ್ತದೆ, ಕಡೆಗೆ ಒಡೆಯುತ್ತದೆ.

ಭದ್ರಾ ನಾಲೆಯ ಬಯಲಲ್ಲಿ ಇದಕ್ಕೆಲ್ಲ ಗದ್ದೆ ಕೆಲಸವೇ ಕಾರಣ ಎಂದುಬಿಡುವುದು ಸುಲಭ. ನನಗೆ ಅದು ಅವಸರದ ತೀರ್ಮಾನವೆನಿಸುತ್ತದೆ. ಎಡಿನ್‌ಬರೋ ನಗರದಲ್ಲಿ 18ರಿಂದ 64 ವಯಸ್ಸಿನವರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುರುಷರಲ್ಲಿ ಶೇ. 40, ಮಹಿಳೆಯರಲ್ಲಿ ಶೇ. 32 ಮಂದಿಗೆ ಉಬ್ಬಿದ ಸಿರೆಗಳಿದ್ದವು. ಅವರಾರೂ ನಾಟಿ ಹಾಕಿದವರಲ್ಲ. ಆ ಅಂಕಿಯನ್ನು ಎತ್ತಿ ಚನ್ನಗಿರಿಗೆ ತಂದಿಡುವುದೂ ಸರಿಯಲ್ಲ. ಆದರೆ ಮನೆತನ, ವಯಸ್ಸು, ಹೆರಿಗೆಗಳ ಸಂಖ್ಯೆ, ಹಿಂದೆ ಆಗಿಹೋದ ಹೆಪ್ಪು ಇವುಗಳನ್ನು ಕೇಳದೆ ದುಡಿಮೆಯ ಮೇಲಷ್ಟೇ ದೂರು ಹೊರಿಸಲಾಗದು ಎಂಬುದನ್ನು ಅದು ತೋರಿಸುತ್ತದೆ. ಕೆಸರುನೀರಲ್ಲಿ ನಿಂತರೆ ಕಾಲಿಗೆ ತಂಪು, ಹಿತ ಎನ್ನುವವರಿದ್ದಾರೆ. ಲೆಕ್ಕ ಹಾಕಿದರೆ ಐದು ಸೆಂ.ಮೀ. ನೀರು ಪಾದಕ್ಕೆ ಕೊಡುವ ಒತ್ತಾಸೆ 4 ಮಿ.ಮೀ. ಪಾದರಸವೂ ಆಗುವುದಿಲ್ಲ, ಚಿಕಿತ್ಸೆಯ ಬಿಗಿ ಕಾಲುಚೀಲ ಕೊಡಬೇಕಾದ್ದು ಅದರ ಐದಾರು ಪಟ್ಟು.

ಕವಾಟ ಎಲ್ಲಿ ಕೆಟ್ಟಿದೆ ಎಂಬ ಪ್ರಶ್ನೆ ಹಳೆಯದು. ರೋಗಿಯನ್ನು ಮಲಗಿಸಿ, ಕಾಲೆತ್ತಿ ಸಿರೆಗಳನ್ನು ಬರಿದು ಮಾಡಿ, ತೊಡೆಗೆ ಪಟ್ಟಿ ಬಿಗಿದು ನಿಲ್ಲಿಸಿ ನೋಡುವ ಟ್ರೆಂಡೆಲೆನ್‌ಬರ್ಗ್ ಪರೀಕ್ಷೆ 19ನೇ ಶತಮಾನದ ಕೊನೆಯದು. ಎಂಬಿಬಿಎಸ್ ವಿದ್ಯಾರ್ಥಿಗಳು ಶಸ್ತ್ರಚಿಕಿತ್ಸಾ ವಿಭಾಗದ ಪರೀಕ್ಷೆಗೆ ಇಂದಿಗೂ ಕಲಿತು ಹೋಗುತ್ತಾರೆ. ದಾವಣಗೆರೆಯ ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ ಶುರುವಾದಾಗ ಇದೇ ಮುಖ್ಯ ಸಾಧನವಾಗಿತ್ತು. ಚಿತ್ರ ಮತ್ತು ರಕ್ತದ ಹರಿವು ಎರಡನ್ನೂ ಒಟ್ಟಿಗೆ ತೋರಿಸುವ ಡ್ಯೂಪ್ಲೆಕ್ಸ್ ಯಂತ್ರ ಸಿಯಾಟಲ್‌ನಲ್ಲಿ ಸ್ಟ್ರಾಂಡ್‌ನೆಸ್ ತಂಡದಿಂದ ರೂಪುಗೊಂಡದ್ದು 1970ರ ದಶಕದಲ್ಲಿ.

ಈಗಿನ ಪರೀಕ್ಷೆಯನ್ನು ಹತ್ತಿರದಿಂದ ನೋಡೋಣ. ರೋಗಿ ಕಂಬಿ ಹಿಡಿದು ನಿಲ್ಲುತ್ತಾಳೆ. ಭಾರವೆಲ್ಲ ಒಂದು ಕಾಲಿನ ಮೇಲೆ. ನೋಡಬೇಕಾದ ಕಾಲು ಮಂಡಿಯಲ್ಲಿ ತುಸು ಬಾಗಿ ಹೊರಕ್ಕೆ ತಿರುಗಿರುತ್ತದೆ. ತೊಡೆಸಂದಿಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟವರು ಇನ್ನೊಂದು ಕೈಯಿಂದ ಮೀನಖಂಡವನ್ನು ಹಿಂಡಿ ಬಿಡುತ್ತಾರೆ. ಹಿಂಡಿದಾಗ ರಕ್ತ ಮೇಲಕ್ಕೆ ಚಿಮ್ಮುತ್ತದೆ. ಬಿಟ್ಟಾಗ ಏನಾಗುತ್ತದೆ ಎಂಬುದರಲ್ಲೇ ಎಲ್ಲ ಇದೆ. ಮೇಲ್ಪದರದ ಸಿರೆಯಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು, ತೊಡೆಯ ಮತ್ತು ಮಂಡಿಹಿಂದಿನ ಒಳಸಿರೆಯಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ರಕ್ತ ಕೆಳಕ್ಕೆ ಹರಿದರೆ ಅಲ್ಲಿನ ಕವಾಟ ಕೈಕೊಟ್ಟಿದೆ. ಹೀಗೆ ತೊಡೆಸಂದಿಯಿಂದ ಒಳಗಣಕಾಲಿನವರೆಗೆ, ಮಂಡಿಯ ಹಿಂದಿನಿಂದ ಹೊರಗಣಕಾಲಿನವರೆಗೆ ಇಷ್ಟಿಷ್ಟೇ ಸರಿಸುತ್ತ ನೋಡಬೇಕು. ತೆರೆಯ ಮೇಲಿನ ಕೆಂಪು-ನೀಲಿ ಕಂಡು ‘ಕೆಂಪು ಒಳ್ಳೆ ರಕ್ತ, ನೀಲಿ ಕೆಟ್ಟದ್ದು’ ಎಂದುಕೊಳ್ಳುವುದುಂಟು. ಬಣ್ಣ ತಿಳಿಸುವುದು ದಿಕ್ಕನ್ನು ಮಾತ್ರ. ಗುಂಡಿಯೊಂದನ್ನು ಒತ್ತಿದರೆ ಎರಡೂ ಅದಲುಬದಲಾಗುತ್ತವೆ.

ಹಳ್ಳಿಯಿಂದ ಹೊರಡುವವರಿಗೆ ಉಪಯೋಗವಾಗುವ ಇನ್ನೊಂದು ಮಾತು. ಇದಕ್ಕೆ ಖಾಲಿ ಹೊಟ್ಟೆ ಬೇಡ, ನೀರು ಕುಡಿದು ಮೂತ್ರ ಕಟ್ಟಿಕೊಳ್ಳುವುದೂ ಬೇಡ; ಅವು ಹೊಟ್ಟೆಯ ಸ್ಕ್ಯಾನಿನ ನಿಯಮಗಳು. ಉಪವಾಸವಿದ್ದು ಬಸ್ಸಿಳಿದ ಮುದುಕಿಯನ್ನು ಇಷ್ಟು ಹೊತ್ತು ನಿಲ್ಲಿಸಿದರೆ ತಲೆಸುತ್ತಿ ಬಿದ್ದಾಳು. ಸಿರೆಯ ಸೋರಿಕೆ ಬೆಳಗಿಗಿಂತ ಮಧ್ಯಾಹ್ನದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ, ಆದ್ದರಿಂದ ಉಂಡು ಹೊರಟರೆ ಲಾಭವೇ.

ವರದಿಯಲ್ಲಿ ಹುಡುಕಬೇಕಾದ್ದು: ಯಾವ ಭಂಗಿಯಲ್ಲಿ ನೋಡಿದರು, ಹಿಮ್ಮುಖ ಹರಿವು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಎಷ್ಟು ಸೆಕೆಂಡು, ಸಿರೆಯ ಅಗಲ ಎಷ್ಟು ಮಿ.ಮೀ., ಒಳಸಿರೆ ತೆರೆದಿದೆಯೇ. ‘ಎಸ್‌ಎಫ್‌ಜೆ ಇನ್‌ಕಾಂಪಿಟೆಂಟ್’ ಎಂದಿದ್ದರೆ ತೊಡೆಸಂದಿಯ ಕೂಡುಬಾಯಿಯಲ್ಲೇ ತಡೆ ಹೋಗಿದೆ ಎಂದರ್ಥ. ಇವಿಲ್ಲದೆ ಲೇಸರ್, ರೇಡಿಯೋ ತರಂಗ, ಫೋಮ್, ಶಸ್ತ್ರಕ್ರಿಯೆ ಯಾವುದನ್ನೂ ಯೋಜಿಸಲಾಗದು. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯೂ ಚಿಕಿತ್ಸೆಗೆ ಮುಂಚೆ ಡ್ಯೂಪ್ಲೆಕ್ಸ್ ಆಗಬೇಕೆನ್ನುತ್ತದೆ. ಹುಣ್ಣಿದ್ದವರ ಮಟ್ಟಿಗೆ ತಡಮಾಡುವುದು ನಷ್ಟ: 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇವ್ರಾ ಪ್ರಯೋಗದಲ್ಲಿ ಸೋರುವ ಸಿರೆಯನ್ನು ಬೇಗ ಮುಚ್ಚಿದವರ ಹುಣ್ಣು ಮಾಯಲು ಹಿಡಿದ ಮಧ್ಯಕ ಅವಧಿ 56 ದಿನ, ಮೊದಲು ಬಿಗಿಪಟ್ಟಿ ಕಟ್ಟಿ ಕಾದವರದು 82 ದಿನ. ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರಂತೂ ಪಟ್ಟಿ, ಚೀಲ ಹಾಕುವ ಮೊದಲು ಕಣಕಾಲಿನ ಧಮನಿಯ ಒತ್ತಡ ಅಳೆಸಿಕೊಳ್ಳಬೇಕು. ಧಮನಿಯೇ ಕಟ್ಟಿಕೊಂಡಿದ್ದರೆ ಬಿಗಿತ ಪಾದಕ್ಕೆ ಮುಳುವಾದೀತು.

ಹಾಗಾದರೆ ಯಂತ್ರವನ್ನೇ ಸಂತೇಬೆನ್ನೂರಿಗೆ ತಂದರಾಗದೇ? ಲ್ಯಾಪ್‌ಟಾಪಿನಷ್ಟು ಚಿಕ್ಕ ಯಂತ್ರಗಳಿವೆ. ಅಡ್ಡಬರುವುದು ಕಾನೂನು, ಅದೂ ಒಳ್ಳೆಯ ಕಾರಣಕ್ಕೆ. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಡಿ, ಭ್ರೂಣದ ಲಿಂಗ ತೋರಿಸಬಲ್ಲ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಾಯಿತ ಜಾಗದಲ್ಲಿರಬೇಕು. ಕಾಲು ನೋಡುತ್ತೇವೆಂದರೆ ವಿನಾಯಿತಿಯಿಲ್ಲ. ಗರ್ಭಿಣಿಯರಿಗೆ ತುಂಬುವ ‘ಎಫ್’ ನಮೂನೆ ಕಾಲಿನ ರೋಗಿಗೆ ಬೇಕಿಲ್ಲವಾದರೂ ಆಕೆ ನಿಲ್ಲುವುದು ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕದ ಕೆಳಗೇ. 2012ರ ನಿಯಮ ಕೈಯಂತ್ರವನ್ನು ಎರಡೇ ಕಡೆ ಒಪ್ಪುತ್ತದೆ: ನೋಂದಾಯಿತ ಆಸ್ಪತ್ರೆಯೊಳಗೆ ಒಳರೋಗಿಗಳಿಗೆ, ಮತ್ತು ಬೇರೆ ಚಿಕಿತ್ಸೆಗಳನ್ನೂ ನೀಡುವ ಸಂಚಾರಿ ಘಟಕದಲ್ಲಿ. ಕಾನೂನನ್ನು ಸಡಿಲಿಸಿ ಎನ್ನುವವನು ನಾನಲ್ಲ. ಎರಡನೆಯ ಬಾಗಿಲು ತೆರೆದೇ ಇದೆ. ಆದರೆ ಬಸುರಿಯರಿಗೆಂದು ಕೊಂಡ ಯಂತ್ರದ ಜೊತೆ ಬರುವುದು ಸುಮಾರು 3.5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್; ಚರ್ಮದಡಿಯ ಸಿರೆಗೆ ಬೇಕಾದ್ದು 7ರಿಂದ 12 ಮೆಗಾಹರ್ಟ್ಸ್‌ನ ನೇರ ಪ್ರೋಬ್. ಸಂಚಾರಿ ಘಟಕದ ಖರೀದಿ ಪಟ್ಟಿಯಲ್ಲಿ ಅದೊಂದು ಸಾಲನ್ನೂ, ರೋಗಿ ಹಿಡಿದು ನಿಲ್ಲಲು ಒಂದು ಕಂಬಿಯನ್ನೂ ಸೇರಿಸಬೇಕಾಗುತ್ತದೆ.