ಎಲೆಬಟ್ಟಲಿನ ನೀರು

ಅನಾನಸ್ ಹಣ್ಣನ್ನು ತಿನ್ನದವರು ವಿರಳ. ಅದು ಸೇರಿರುವ ಸಸ್ಯಕುಟುಂಬದ ಸದಸ್ಯರಿಗೆ ಬ್ರೊಮೀಲಿಯಡ್‌ಗಳೆಂದು ಹೆಸರು. ಈ ಕುಟುಂಬದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಆಫ್ರಿಕದ ಒಂದನ್ನು ಬಿಟ್ಟರೆ ಎಲ್ಲವುಗಳ ತವರೂ ಅಮೆರಿಕ ಖಂಡಗಳೇ. ನರ್ಸರಿಗಳಲ್ಲಿ ಕಾಣುವ ಕೆಂಪು ಗುಜ್ಮೇನಿಯ, ಬೆಳ್ಳಿಪಟ್ಟೆಯ ಎಕ್ಮಿಯ ಇದೇ ಬಳಗದ ಅಲಂಕಾರ ಸಸ್ಯಗಳು.

1493ರಲ್ಲಿ ಕೊಲಂಬಸನ ತಂಡವು ಗ್ವಾಡಲೂಪ್ ದ್ವೀಪದಲ್ಲಿ ಅನಾನಸನ್ನು ಕಂಡಿತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಭಾರತಕ್ಕೆ ತಂದರು. ಅಲಂಕಾರದ ಜಾತಿಗಳು ಯೂರೋಪಿನ ಗಾಜಿನ ಮನೆಗಳನ್ನು ಹೆಚ್ಚಾಗಿ ಸೇರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1833ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದನು. ಅವು ಜೀವಂತವಾಗಿ ತಲುಪಿದವು. ಅಲ್ಲಿಂದ ಮುಂದೆ ಉಷ್ಣವಲಯದ ಗಿಡಗಳ ಸಾಗಾಟ ಸುಲಭವಾಯಿತು.

ಕುಂಡಕ್ಕೆ ಬಂದರೂ ಈ ಗಿಡಗಳ ಸ್ವಭಾವ ಕಾಡಿನದೇ. ಕಾಡಿನಲ್ಲಿ ಇವುಗಳಲ್ಲಿ ಅನೇಕವು ಮರದ ಕೊಂಬೆಗಳ ಮೇಲೆ ಬೆಳೆಯುತ್ತವೆ. ಆದರೆ ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಬೇರುಗಳು ಮುಖ್ಯವಾಗಿ ಹಿಡಿತಕ್ಕೆ. ಎಲೆಗಳ ಬುಡ ಒತ್ತಾಗಿ ಸೇರಿ ಬಟ್ಟಲಿನಂತಾಗಿ ಮಳೆನೀರನ್ನು ಹಿಡಿದಿಡುತ್ತದೆ. ಎಲೆಯ ಮೇಲಿನ ಸೂಕ್ಷ್ಮ ಶಲ್ಕಗಳು ಆ ನೀರನ್ನೂ ಲವಣಗಳನ್ನೂ ಹೀರಿಕೊಳ್ಳುತ್ತವೆ.

ಈ ಬಟ್ಟಲೇ ಟ್ರಿನಿಡಾಡ್ ದ್ವೀಪದಲ್ಲಿ ಮಲೇರಿಯಕ್ಕೆ ಕಾರಣವಾಯಿತು. ಅಲ್ಲಿನ ಕೊಕೋ ತೋಟಗಳಿಗೆ ನೆರಳು ಕೊಡುತ್ತಿದ್ದುದು ನಮ್ಮ ಹಾಲವಾಣದ ಬಳಗದ ಮರಗಳು. ಅವುಗಳ ತುಂಬ ಬ್ರೊಮೀಲಿಯಡ್‌ಗಳಿದ್ದವು. ಅವುಗಳ ನೀರಿನಲ್ಲಿ ಅನಾಫಿಲಿಸ್ ಬೆಲೇಟರ್ ಎಂಬ ಸೊಳ್ಳೆ ಮರಿ ಮಾಡುತ್ತಿತ್ತು. ನೆಲದ ಚರಂಡಿ, ಹೊಂಡಗಳನ್ನು ಶುದ್ಧಗೊಳಿಸಿದರೆ ಮರದ ಮೇಲಿನ ನೀರಿಗೆ ಏನಾದೀತು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದ ಜೀವವಿಜ್ಞಾನಿ ಕಾಲಿನ್ ಪಿಟ್ಟೆಂಡ್ರಿ ಈ ಗಿಡ, ಸೊಳ್ಳೆ, ರೋಗಗಳ ಸಂಬಂಧವನ್ನು ವಿವರವಾಗಿ ಅಭ್ಯಸಿಸಿ 1948ರಲ್ಲಿ ಪ್ರಕಟಿಸಿದರು. ಗಿಡಗಳನ್ನು ಕೊಲ್ಲಲು ಮೈಲುತುತ್ತದ ದ್ರಾವಣವನ್ನು ಮರಗಳಿಗೆ ಸಿಂಪಡಿಸಲಾಯಿತು. ತಾಮ್ರವು ಬ್ರೊಮೀಲಿಯಡ್‌ಗಳಿಗೆ ವಿಷ.

ಮನೆಯಲ್ಲಿ ಈ ಗಿಡ ಬೆಳೆಸುವವರಿಗೆ ಈ ಚರಿತ್ರೆಯಿಂದ ಎರಡು ಪಾಠಗಳಿವೆ. ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ಮೈಲುತುತ್ತವೇ. ಅದನ್ನಾಗಲಿ, ತಾಮ್ರವಿರುವ ಬೇರಾವುದೇ ಔಷಧಿಯನ್ನಾಗಲಿ ಈ ಗಿಡಕ್ಕೆ ಸೋಕಿಸಬಾರದು. ಎರಡನೆಯದಾಗಿ, ಡೆಂಗೆ ಹರಡುವ ಈಡಿಸ್ ಸೊಳ್ಳೆಗೂ ನಿಂತ ತಿಳಿನೀರು ಸಾಕು. ಆದ್ದರಿಂದ ಮೂರು ನಾಲ್ಕು ದಿನಕ್ಕೊಮ್ಮೆ ಕುಂಡವನ್ನು ಬಾಗಿಸಿ, ಬಟ್ಟಲಿನ ಹಳೆಯ ನೀರನ್ನು ಒಣನೆಲಕ್ಕೆ ಚೆಲ್ಲಿ ಹೊಸ ನೀರು ತುಂಬಬೇಕು.

ಜಿಗುಟು ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ತೆಂಗಿನ ನಾರು, ಇದ್ದಿಲ ಚೂರುಗಳ ಸಡಿಲ ಮಿಶ್ರಣ ಒಳ್ಳೆಯದು. ಬೆಳಕು ಬೇಕು, ಆದರೆ ಮಧ್ಯಾಹ್ನದ ಉರಿಬಿಸಿಲು ಬೇಡ. ಸಾಮಾನ್ಯವಾಗಿ ಒಮ್ಮೆ ಹೂ ಬಿಟ್ಟ ತಾಯಿಗಿಡ ಕ್ರಮೇಣ ಸಾಯುತ್ತದೆ. ಆಗ ಕಿತ್ತೆಸೆಯಬೇಡಿ, ಬುಡದಲ್ಲಿ ಮೂಡಿದ ಮರಿಗಳು ತಾಯಿಯ ಮೂರನೆಯ ಒಂದು ಭಾಗದಷ್ಟು ಬೆಳೆದ ಮೇಲೆ ಬೇರ್ಪಡಿಸಿ ನೆಡಿ.