ಕಾಗದ ಮಡಿಸುವ ಪಾಠದ ಹಿನ್ನೆಲೆ

ಪ್ರಾಥಮಿಕ ಶಾಲೆಯ ವೇಳಾಪಟ್ಟಿಯಲ್ಲಿ ಕ್ರಾಫ್ಟ್ ಪೀರಿಯಡ್ಡಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಮಧ್ಯಾಹ್ನದ ಕೊನೆಯ ಅವಧಿ. ಪರೀಕ್ಷೆ ಸಮೀಪಿಸಿದಂತೆ ಮೊದಲು ರದ್ದಾಗುತ್ತಿದ್ದುದೂ ಅದೇ. ಗಣಿತದ ಪಾಠ ಉಳಿದಿದೆಯೆಂದರೆ ಬಣ್ಣದ ಕಾಗದ, ಕತ್ತರಿ, ಗೋಂದು ಎಲ್ಲವೂ ಬೀರು ಸೇರುತ್ತಿದ್ದವು. ಆದರೆ ಗಣಿತಕ್ಕೂ ಕಾಗದ ಮಡಿಸುವ ಕೆಲಸಕ್ಕೂ ಇರುವ ನಂಟನ್ನು ಅರಿತವರು ಹಾಗೆ ಮಾಡಲಾರರು. ಆ ನಂಟಿನ ಇತಿಹಾಸವನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿಸಬೇಕೆಂಬುದು ಬಹುದಿನಗಳ ಬಯಕೆ.

ಮಕ್ಕಳು ಕಾಗದ ಮಡಿಸಿ ಆಡುವುದು ಹಳೆಯ ಸಂಗತಿಯೇ. ಅದನ್ನು ಕ್ರಮಬದ್ಧವಾದ ಕಲಿಕೆಯನ್ನಾಗಿ ರೂಪಿಸಿದವರಲ್ಲಿ ಪ್ರಮುಖನು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. 1782ರಲ್ಲಿ ಜನಿಸಿದ ಆತನು ಶೈಶವದಲ್ಲಿಯೇ ತಾಯಿಯನ್ನು ಕಳೆದುಕೊಂಡವನು. ಯೌವನದಲ್ಲಿ ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿತನು. ಮುಂದೆ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಸ್ಫಟಿಕಗಳನ್ನು ವಿಂಗಡಿಸುವ ಸಹಾಯಕನಾದನು. ನಿಸರ್ಗದ ವಸ್ತುಗಳಲ್ಲಿ ಅಡಗಿರುವ ರೇಖಾಗಣಿತವು ಆತನ ಮನಸ್ಸಿನಲ್ಲಿ ಬೇರೂರಿದ್ದು ಅಲ್ಲಿಯೇ. 1837ರಲ್ಲಿ ಬ್ಲಾಂಕನ್‌ಬರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನು ಕೊಟ್ಟನು.

ಉಣ್ಣೆಯ ಚೆಂಡು, ಮರದ ಗೋಲ, ಘನಾಕೃತಿಗಳನ್ನು ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟನು. ಇವುಗಳೊಂದಿಗೆ ಕಾಗದ ಮಡಿಸುವುದು, ಕಾಗದದ ಪಟ್ಟಿಗಳನ್ನು ಹೆಣೆಯುವುದು, ಜೇಡಿಮಣ್ಣಿನ ಕೆಲಸ ಮೊದಲಾದ ಕೈಗೆಲಸಗಳನ್ನೂ ಅಳವಡಿಸಿದನು. ಮಗುವು ರಚಿಸುವ ಆಕೃತಿಗಳಲ್ಲಿ ಆತನು ಮೂರು ಬಗೆಗಳನ್ನು ಕಂಡನು. ದೋಣಿ, ಟೋಪಿ ಇತ್ಯಾದಿ ಬದುಕಿನ ರೂಪಗಳು. ನಕ್ಷತ್ರ, ಹೂವಿನಂತಹ ಸೌಂದರ್ಯದ ರೂಪಗಳು. ತ್ರಿಭುಜ, ಚೌಕ, ಅರ್ಧ, ಕಾಲು ಮುಂತಾದ ಜ್ಞಾನದ ರೂಪಗಳು. ಒಂದೇ ಕಾಗದದಲ್ಲಿ ಈ ಮೂರೂ ಅಡಗಿವೆಯೆಂಬುದು ಆತನ ವಿಚಾರದ ತಿರುಳು.

ಇಂತಹ ನಿರುಪದ್ರವಿ ಕೆಲಸಕ್ಕೂ ಕಂಟಕ ತಪ್ಪಲಿಲ್ಲ. 1851ರಲ್ಲಿ ಪ್ರಷ್ಯಾದ ಸರ್ಕಾರವು, ಮಕ್ಕಳಲ್ಲಿ ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುತ್ತವೆಯೆಂಬ ಆರೋಪ ಹೊರಿಸಿ, ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಫ್ರೋಬೆಲನ ಸೋದರನ ಮಗ ಕಾರ್ಲ್ ಬರೆದ ಕಿರುಹೊತ್ತಗೆಯೊಂದೂ ಇದಕ್ಕೆ ನೆಪವಾಯಿತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡನು. ನಿಷೇಧ ತೆರವಾದದ್ದು 1860ರಲ್ಲಿ. ಅದನ್ನು ಕಾಣುವ ಭಾಗ್ಯ ಆತನಿಗಿರಲಿಲ್ಲ. ಆದರೆ ಆತನ ಶಿಷ್ಯರು ಈ ಪದ್ಧತಿಯನ್ನು ದೇಶ ದೇಶಗಳಿಗೆ ಒಯ್ದಿದ್ದರು. 1876ರಲ್ಲಿ ಟೋಕಿಯೋದಲ್ಲಿ ಕಿಂಡರ್‌ಗಾರ್ಟನ್ ತೆರೆದಾಗ, ಜಪಾನಿನ ಪುರಾತನ ಕಾಗದದ ಕಲೆಯೂ ಜರ್ಮನಿಯ ಈ ಪಾಠವೂ ಒಂದೇ ಕೊಠಡಿಯಲ್ಲಿ ಸಂಧಿಸಿದವು.

ನಮ್ಮ ದೇಶಕ್ಕೆ ಸಂಬಂಧಿಸಿದ ಅಧ್ಯಾಯವು ಇನ್ನೂ ಸ್ವಾರಸ್ಯಕರವಾದುದು. ಕಿಂಡರ್‌ಗಾರ್ಟನ್ ಸಾಮಗ್ರಿಗಳಲ್ಲಿ ಬಣ್ಣದ ಚೌಕ ಕಾಗದಗಳ ಒಂದು ಪೊಟ್ಟಣವಿರುತ್ತಿತ್ತು. ಅದರಿಂದ ಪ್ರೇರಿತರಾದ ಟಿ. ಸುಂದರ ರಾವ್ ಎಂಬುವರು, ಕಾಗದ ಮಡಿಸಿಯೇ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವೊಂದನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಚೌಕದಿಂದ ಆರಂಭಿಸಿ ಪಂಚಭುಜ, ಷಡ್ಭುಜಗಳನ್ನು ದಾಟಿ ವಕ್ರರೇಖೆಗಳವರೆಗೆ ಅದು ಸಾಗುತ್ತದೆ. ಜರ್ಮನಿಯ ಪ್ರಖ್ಯಾತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಕೃತಿಯಲ್ಲಿ ಅದನ್ನು ಉಲ್ಲೇಖಿಸಿದರು. 1901ರಲ್ಲಿ ಚಿಕಾಗೋ ನಗರದಿಂದ ಅದರ ಅಮೆರಿಕನ್ ಆವೃತ್ತಿಯೂ ಹೊರಬಂದಿತು. ಜರ್ಮನಿಯ ಮಕ್ಕಳ ಆಟವೊಂದು ಮದರಾಸಿನಲ್ಲಿ ಗಣಿತವಾಗಿ ಮಾಗಿ, ಜರ್ಮನಿಯ ವಿದ್ವಾಂಸರ ಮೇಜನ್ನೇ ತಲುಪಿದ ಬಗೆ ಇದು.

ನಾನು ಬೋಧಿಸುತ್ತಿದ್ದ ಶಾಲೆಯಲ್ಲಿ ಬಣ್ಣದ ಕಾಗದಕ್ಕೆ ಹಣವಿರಲಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆಗಳೇ ನಮ್ಮ ಸಾಮಗ್ರಿ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಮೂರನೆಯ ತರಗತಿಯ ಮಕ್ಕಳು ಕಾಗದ ಮಡಿಸುತ್ತಿರುವುದನ್ನು ಕಂಡು, “ಮೇಷ್ಟ್ರೇ, ಭಿನ್ನರಾಶಿಯ ಪಾಠ ಯಾವಾಗ ಮುಗಿಸುತ್ತೀರಿ?” ಎಂದು ಕೇಳಿದರು. ಮೂರು ಸಲ ಮಡಿಸಿದ ಹಾಳೆಯೊಂದನ್ನು ಬಿಚ್ಚಿ ಎತ್ತಿಹಿಡಿದು, ಇಂತಹ ಎಷ್ಟು ಭಾಗ ಸೇರಿದರೆ ಅರ್ಧವಾಗುತ್ತದೆಂದು ತರಗತಿಯನ್ನು ಕೇಳಿದೆ. ಎಂಟರಲ್ಲಿ ನಾಲ್ಕು ಎಂದು ಮಕ್ಕಳೆಲ್ಲರೂ ಒಕ್ಕೊರಲಿನಿಂದ ಹೇಳಿದರು. ಬಾಯಿಪಾಠದಲ್ಲಿ ಸದಾ ಹಿಂದುಳಿಯುತ್ತಿದ್ದ ಹುಡುಗನ ದನಿಯೂ ಅದರಲ್ಲಿತ್ತು. ಅಧಿಕಾರಿಗಳು ಮರುಮಾತನಾಡದೆ ಮುಂದಿನ ಕೊಠಡಿಗೆ ನಡೆದರು.

ಈಗ ನಿಮ್ಮಲ್ಲಿ ಅನೇಕರು ತಂದೆತಾಯಿಗಳಾಗಿದ್ದೀರಿ, ಕೆಲವರು ಶಿಕ್ಷಕರೂ ಆಗಿದ್ದೀರಿ. ಮಕ್ಕಳ ಪ್ರಾಜೆಕ್ಟುಗಳನ್ನು ಅಂಗಡಿಯಿಂದ ಸಿದ್ಧವಾಗಿಯೇ ಕೊಂಡು ತರುವ ಪರಿಪಾಠವನ್ನು ನಾನೂ ಕಂಡಿದ್ದೇನೆ. ಅಲ್ಲಿ ಅಂಕ ದೊರೆಯಬಹುದು. ಆದರೆ ಮಗುವಿನ ಕೈ ಏನನ್ನೂ ಕಲಿಯುವುದಿಲ್ಲ. ಅದರ ಬದಲು ಇದನ್ನು ಮಾಡಿಸಿ ನೋಡಿ. ಒಂದು ಚೌಕ ಕಾಗದವನ್ನು ಉದ್ದಕ್ಕೆ ಎರಡಾಗಿ ಮಡಿಸಿ ಬಿಚ್ಚಿದರೆ ನಡುವೆ ನೆಟ್ಟನೆಯ ಗೆರೆ ಮೂಡುತ್ತದೆ. ಬಳಿಕ ಕೆಳಗಿನ ಎಡಮೂಲೆಯನ್ನು ಕದಲದಂತೆ ಒತ್ತಿ ಹಿಡಿದು, ಕೆಳಗಿನ ಬಲಮೂಲೆಯನ್ನು ಎತ್ತಿ ಆ ನಡುಗೆರೆಯ ಮೇಲೆ ಕೂರಿಸಿ. ಅದು ಮುಟ್ಟಿದ ಬಿಂದುವನ್ನು ಗುರುತು ಮಾಡಿ ಕಾಗದವನ್ನು ಬಿಚ್ಚಿ, ಕೆಳಗಿನ ಎರಡು ಮೂಲೆಗಳಿಂದ ಆ ಬಿಂದುವಿಗೆ ಗೆರೆ ಎಳೆಯಿರಿ. ಸಮಬಾಹು ತ್ರಿಭುಜ ದೊರೆಯುತ್ತದೆ. ಮೂರು ಬಾಹುಗಳೂ ಏಕೆ ಸಮನಾದವು ಎಂಬುದನ್ನು ನೀವು ವಿವರಿಸಬೇಡಿ. ಮಗು ಕಾಗದವನ್ನು ಮತ್ತೊಮ್ಮೆ ಮಡಿಸಿ ತಾನೇ ಹೇಳುವವರೆಗೆ ಕಾಯಿರಿ.